ಕಮಲಾ ಅಲ್ಲ, ಕಮಾಲಾ: ಜೆರ್ಸಿ ಸಿಟಿಯ ಹುಡುಗಿ ಸೂಪರ್ ಹೀರೋ ಆದ ಕತೆ

ಅಕ್ಕನ ಮಗಳ ಕೋಣೆಯ ಗೋಡೆಗೆ ಹೊಸ ಚಿತ್ರವೊಂದು ಬಂದಿದೆ. ಗೋಧಿ ಮೈಬಣ್ಣದ ಹುಡುಗಿ. ಕಣ್ಣಿಗೆ ಮುಖವಾಡ, ಮೈಮೇಲೆ ಕುರ್ತಾದಂಥ ನೀಲಿ ಬಟ್ಟೆ, ಎದೆಯ ಮೇಲೆ ಹಳದಿ ಮಿಂಚು, ಕೊರಳಲ್ಲಿ ಗಾಳಿಗೆ ಹಾರುವ ಕೆಂಪು ದುಪಟ್ಟಾ. ಮೊನ್ನೆ ಅಮ್ಮ ಕನ್ನಡಕ ಸರಿಮಾಡಿಕೊಂಡು ಅದನ್ನೇ ನೋಡುತ್ತ ನಿಂತರು.

"ಯಾರೇ ಇವಳು?"

"ಕಮಲಾ, ಅಜ್ಜಿ."

"ಯಾವ ಕಮಲಾ? ನಮ್ಮ ಹೊಳೆನರಸೀಪುರದ ಕಮಲಾನಾ?"

"ಅಲ್ಲಜ್ಜಿ. ಕಮಲಾ ಖಾನ್. ನ್ಯೂಜೆರ್ಸಿಯವಳು."

ಅಮ್ಮನ ಪ್ರಶ್ನೆಗಳು ಅಲ್ಲಿಂದ ಶುರುವಾದವು. ಯಾರ ಮನೆಯ ಹುಡುಗಿ, ಏನು ಮಾಡುತ್ತಾಳೆ, ಖಾನ್ ಆಗಿದ್ದರೆ ಕಮಲಾ ಹೇಗೆ, ಮುಖವಾಡ ಯಾಕೆ? ಹುಡುಗಿ ಅರ್ಧಂಬರ್ಧ ಉತ್ತರ ಕೊಟ್ಟು ಟ್ಯೂಷನ್ನಿಗೆ ಓಡಿದಳು. ಉಳಿದ ಉತ್ತರ ನನ್ನ ಪಾಲಿಗೆ ಬಂತು. ಮನೆಯ ಮಕ್ಕಳು ಓಟಿಟಿಯಲ್ಲೋ ಕಾಮಿಕ್ಸಿನಲ್ಲೋ ಈ ಹುಡುಗಿಯನ್ನು ಕಂಡು ಹುಚ್ಚು ಹತ್ತಿಸಿಕೊಂಡಿದ್ದು, ನಿಮಗೆ ತಲೆಬುಡ ತಿಳಿಯದಿದ್ದರೆ, ಈ ಬರಹ ನಿಮಗೂ ಸೇರಿದ್ದು.

ಮೊದಲು ಹೆಸರಿನ ಗೊಂದಲ

ಇಂಗ್ಲಿಷಿನಲ್ಲಿ ಬರೆದರೆ ಎರಡೂ ಹೆಸರು ಒಂದೇ ಥರ ಕಾಣುತ್ತವೆ. ಆದರೆ ನಮ್ಮ ಕಮಲಾ ತಾವರೆಯಿಂದ ಬಂದವಳು. ಇವಳು ಕಮಾಲಾ, 'ಮಾ' ದೀರ್ಘ. ಅರಬ್ಬಿಯಲ್ಲಿ ಕಮಾಲ್ ಅಂದರೆ ಪರಿಪೂರ್ಣತೆ, ಉರ್ದುವಿನಲ್ಲಿ ಅಚ್ಚರಿ ಅನ್ನುವ ಅರ್ಥವೂ ಇದೆ. ನಾವೂ "ಏನ್ ಕಮಾಲ್ ಮಾಡ್ಬಿಟ್ಟ ನೋಡು" ಅನ್ನುತ್ತೇವಲ್ಲ, ಅದೇ ಕಮಾಲ್. ಇಂಗ್ಲಿಷಿನ ಮಾರ್ವೆಲ್ ಪದಕ್ಕೂ ಅಚ್ಚರಿ ಎಂದೇ ಅರ್ಥ. 2022ರ ಟಿವಿ ಸರಣಿಯ ಕೊನೆಯ ಕಂತಿನಲ್ಲಿ ಅಪ್ಪ ಮಗಳಿಗೆ ಅವಳ ಹೆಸರಿನ ಈ ಗುಟ್ಟನ್ನೇ ಬಿಡಿಸಿ ಹೇಳುತ್ತಾನೆ. ತಾನು ಆರಾಧಿಸುವ ನಾಯಕಿಯ ಹೆಸರು ಹುಟ್ಟಿದಾಗಿನಿಂದ ತನ್ನ ಹೆಸರಿನಲ್ಲೇ ಇತ್ತು ಎಂದು ಹುಡುಗಿಗೆ ಆಗ ತಿಳಿಯುತ್ತದೆ. ಹಾಗಾಗಿ ಇಲ್ಲಿಂದ ಮುಂದೆ ಅವಳನ್ನು ಕಮಾಲಾ ಎಂದೇ ಕರೆಯುತ್ತೇನೆ.

ಈ ಕಾಮಿಕ್ಸ್ ಬರುವುದು ಹೇಗೆ?

ಅಮೆರಿಕದ ಸೂಪರ್ ಹೀರೋ ಕತೆ ದಪ್ಪ ಪುಸ್ತಕವಾಗಿ ಹುಟ್ಟುವುದಿಲ್ಲ. ತಿಂಗಳಿಗೊಂದು ತೆಳ್ಳನೆಯ ಸಂಚಿಕೆ ಬರುತ್ತದೆ, ಅದರಲ್ಲಿ ಸುಮಾರು 20 ಪುಟದ ಕತೆ. ಕೊನೆಯ ಪುಟದಲ್ಲಿ ಏನೋ ಒಂದು ಆಪತ್ತು, ಮುಂದಿನ ತಿಂಗಳವರೆಗೆ ಕಾಯಬೇಕು. ವಾರಪತ್ರಿಕೆಯ ಧಾರಾವಾಹಿಗೆ ಕಾದವರಿಗೆ ಈ ಸಂಕಟ ಗೊತ್ತು. ಐದಾರು ಸಂಚಿಕೆಗಳಾದ ಮೇಲೆ ಅವನ್ನು ಒಟ್ಟು ಸೇರಿಸಿ ಪುಸ್ತಕ ಮಾಡುತ್ತಾರೆ. ನಮ್ಮ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ಆ ಪುಸ್ತಕ.

ಒಂದು ಸಂಚಿಕೆಗೆ ಹಲವು ಕೈ ಸೇರುತ್ತವೆ. ಕತೆ ಬರೆಯುವವರು ಒಬ್ಬರು, ಚಿತ್ರ ಬಿಡಿಸುವವರು ಇನ್ನೊಬ್ಬರು. ಬಣ್ಣ ತುಂಬಲು, ಮಾತಿನ ಗುಳ್ಳೆಗಳಲ್ಲಿ ಅಕ್ಷರ ಕೂರಿಸಲು ಬೇರೆ ಬೇರೆ ಜನ. ಇವರೆಲ್ಲರ ಮೇಲೊಬ್ಬ ಸಂಪಾದಕ. ಪಾತ್ರ ಮಾತ್ರ ಇವರಲ್ಲಿ ಯಾರದ್ದೂ ಅಲ್ಲ, ಅದು ಕಂಪನಿಯದ್ದು. ಯಕ್ಷಗಾನ ಮೇಳವನ್ನು ನೆನೆಸಿಕೊಳ್ಳಿ. ಕೃಷ್ಣನ ವೇಷ ಈ ವರ್ಷ ಒಬ್ಬರದು, ಬರುವ ವರ್ಷ ಮತ್ತೊಬ್ಬರದು. ಕಲಾವಿದರು ಬದಲಾದರೂ ಕೃಷ್ಣ ಕೃಷ್ಣನೇ.

ಇನ್ನೊಂದು ಸಂಗತಿ. ಮಾರ್ವೆಲ್ ಕಂಪನಿಯ ನೂರಾರು ನಾಯಕರು ಒಂದೇ ಲೋಕದಲ್ಲಿ ಬದುಕುತ್ತಾರೆ. ಸ್ಪೈಡರ್‌ಮ್ಯಾನ್ ಕತೆಯ ನಡುವೆ ಐರನ್ ಮ್ಯಾನ್ ಬಂದು ಹೋಗಬಹುದು. ಇದು ನಮಗೆ ಹೊಸದೇನಲ್ಲ. ನಾರದ ಎಷ್ಟು ಪುರಾಣಗಳೊಳಗೆ ಹೊಕ್ಕು ಹೊರಬಂದಿಲ್ಲ?

ಮಿಸ್ ಮಾರ್ವೆಲ್ ಎಂಬ ಖಾಲಿ ಕುರ್ಚಿ

ಕಮಾಲಾಳ ಸೂಪರ್ ಹೀರೋ ಹೆಸರು ಮಿಸ್ ಮಾರ್ವೆಲ್. ಈ 'ಮಿಸ್' ನಮ್ಮ ಸ್ಕೂಲಿನ ಮಿಸ್ ಅಲ್ಲ. ಇದನ್ನು 'ಮಿಜ್' ಎಂದು ಉಚ್ಚರಿಸುತ್ತಾರೆ. ಕುಮಾರಿ ಅಂದರೆ ಮದುವೆಯಾಗಿಲ್ಲ, ಶ್ರೀಮತಿ ಅಂದರೆ ಆಗಿದೆ. ಗಂಡಸಿಗೆ ಮಾತ್ರ ಆದರೂ ಶ್ರೀ, ಆಗದಿದ್ದರೂ ಶ್ರೀ. ಇಂಗ್ಲಿಷಿನಲ್ಲೂ ಇದೇ ಕತೆ. ಹೆಣ್ಣಿನ ಹೆಸರಿನ ಹಿಂದೆ ಮದುವೆಯ ಲೆಕ್ಕ ಹೇಳದ ಪದವೊಂದು ಬೇಕು ಎಂದು 1970ರ ದಶಕದಲ್ಲಿ ಅಮೆರಿಕದ ಹೆಂಗಸರು ಬಳಕೆಗೆ ತಂದದ್ದು ಈ 'ಮಿಜ್'. 1977ರಲ್ಲಿ ಮಾರ್ವೆಲ್ ಅದೇ ಪದ ಹಿಡಿದು ಒಂದು ಹೊಸ ಕಾಮಿಕ್ಸ್ ಶುರುಮಾಡಿತು. ಅದರ ನಾಯಕಿ ಕ್ಯಾರಲ್ ಡ್ಯಾನ್ವರ್ಸ್, ಹೊಂಬಣ್ಣದ ಕೂದಲಿನ ಬಿಳಿಯ ಹೆಣ್ಣು, ವಾಯುಪಡೆಯಲ್ಲಿದ್ದವಳು.

2012ರಲ್ಲಿ ಕ್ಯಾರಲ್‌ಗೆ ಬಡ್ತಿ ಸಿಕ್ಕಿತು. ಅವಳು ಕ್ಯಾಪ್ಟನ್ ಮಾರ್ವೆಲ್ ಆದಳು, ಹಳೆಯ ಹೆಸರು ಖಾಲಿ ಬಿತ್ತು. ಇಂದ್ರಜಾಲ ಕಾಮಿಕ್ಸನ್ನು ಕನ್ನಡದಲ್ಲಿ ಓದಿ ಬೆಳೆದವರಿಗೆ ಇದು ಬೇಗ ಅರ್ಥವಾಗುತ್ತದೆ. ಫ್ಯಾಂಟಮ್ ಮುಖವಾಡ ಅಪ್ಪನಿಂದ ಮಗನಿಗೆ ಇಳಿದು ಬರುತ್ತಿತ್ತಲ್ಲ, ನಮಗೆ ಗೊತ್ತಿದ್ದವನು ಆ ವಂಶದ 21ನೆಯವನು. ಇಲ್ಲಿ ಒಂದೇ ವ್ಯತ್ಯಾಸ: ಹೆಸರು ಇಳಿದು ಬಂದದ್ದು ರಕ್ತಸಂಬಂಧವೇ ಇಲ್ಲದ, ದೂರದಲ್ಲಿ ಕೂತು ಅಭಿಮಾನ ಪಡುತ್ತಿದ್ದ ಹುಡುಗಿಗೆ.

ಆಫೀಸಿನ ಹರಟೆಯಿಂದ ಹುಟ್ಟಿದವಳು

ಸನಾ ಅಮಾನತ್ ಮಾರ್ವೆಲ್ ಕಂಪನಿಯಲ್ಲಿ ಸಂಪಾದಕಿಯಾಗಿದ್ದರು. ಪಾಕಿಸ್ತಾನಿ ಮೂಲದ ಕುಟುಂಬ, ಬೆಳೆದದ್ದು ನ್ಯೂಜೆರ್ಸಿಯಲ್ಲಿ. ಜೊತೆಗಿದ್ದ ಸಂಪಾದಕ ಸ್ಟೀವ್ ವ್ಯಾಕರ್‌ಗೆ ಅವರು ಒಮ್ಮೆ ತಮ್ಮ ಬಾಲ್ಯದ ಪಾಡು ಹೇಳಿಕೊಳ್ಳುತ್ತಿದ್ದರು. ಮುಸ್ಲಿಂ ಮನೆಯಲ್ಲಿ, ಅಮೆರಿಕದ ಬೀದಿಯಲ್ಲಿ ಏಕಕಾಲಕ್ಕೆ ಬೆಳೆಯುವಾಗ ಆಗುವ ಫಜೀತಿಗಳು. ಕೇಳಿ ನಕ್ಕ ವ್ಯಾಕರ್‌ಗೆ ಇದರಲ್ಲೇ ಒಂದು ಕಾಮಿಕ್ಸ್ ಇದೆ ಅನ್ನಿಸಿತು.

ಬರೆಯಲು ಬಂದವರು ಜಿ. ವಿಲೋ ವಿಲ್ಸನ್. ಇವರು ಇಸ್ಲಾಂ ಸ್ವೀಕರಿಸಿದ ಅಮೆರಿಕನ್ ಲೇಖಕಿ, ಕೆಲವು ವರ್ಷ ಕೈರೋದಲ್ಲಿ ಇದ್ದವರು. ಚಿತ್ರ ಏಡ್ರಿಯನ್ ಅಲ್ಫೋನಾ ಅವರದ್ದು. ಉಡುಪಿನ ವಿನ್ಯಾಸ ಜೇಮಿ ಮೆಕೆಲ್ವಿ ಅವರದ್ದು, ಕ್ಯಾರಲ್‌ಳ ಹೊಸ ಉಡುಪನ್ನು ಮಾಡಿದ್ದವರೂ ಇವರೇ. ಬಣ್ಣ ಇಯನ್ ಹೆರಿಂಗ್. 2013ರಲ್ಲಿ ಕ್ಯಾಪ್ಟನ್ ಮಾರ್ವೆಲ್ ಕಾಮಿಕ್ಸಿನ ಗುಂಪಿನ ನಡುವೆ ಕಮಾಲಾ ಒಮ್ಮೆ ಮುಖ ತೋರಿಸಿ ಹೋದಳು. ಅವಳದೇ ಹೆಸರಿನ ಮೊದಲ ಸಂಚಿಕೆ ಬಂದದ್ದು 2014ರ ಫೆಬ್ರವರಿಯಲ್ಲಿ.

ಮೊದಲ ಸಂಚಿಕೆಯನ್ನು ಹತ್ತಿರದಿಂದ ನೋಡಿದರೆ

ಮುಖಪುಟ ಬರೆದವರು ಸಾರಾ ಪಿಕೆಲ್ಲಿ. ಅಲ್ಲಿ ಹುಡುಗಿಯ ಪೂರ್ತಿ ಮುಖವೇ ಇಲ್ಲ. ಚಿತ್ರದ ಅಂಚು ಕಣ್ಣುಗಳ ಕೆಳಗೆ ಮುಖವನ್ನು ಕತ್ತರಿಸಿದೆ. ಕಾಣುವುದು ಬಾಯಿ, ಮಿಂಚಿನ ಗುರುತಿನ ಕಪ್ಪು ಟೀಶರ್ಟು, ಬಿಗಿ ಹಿಡಿದ ಮುಷ್ಟಿ ಮತ್ತು ಕಂಕುಳಲ್ಲಿ ಪುಸ್ತಕಗಳು. ಒಂದು ಅಮೆರಿಕದ ಇತಿಹಾಸ, ಇನ್ನೊಂದು ಹದೀಸ್, ಅಂದರೆ ಪ್ರವಾದಿಯ ಮಾತು ನಡೆಗಳ ಸಂಗ್ರಹ. ಕತೆ ಏನು ಎಂದು ಆ ಪುಸ್ತಕಗಳೇ ಹೇಳಿಬಿಡುತ್ತವೆ.

ಒಳಗೆ ಮೊದಲ ದೃಶ್ಯದಲ್ಲಿ ಯಾರೂ ಹಾರುವುದಿಲ್ಲ, ಯಾವ ಕಟ್ಟಡವೂ ಉರುಳುವುದಿಲ್ಲ. ಮೂಲೆಯಂಗಡಿಯೊಂದರಲ್ಲಿ 16 ವರ್ಷದ ಹುಡುಗಿ ಹಂದಿಮಾಂಸದ ಸ್ಯಾಂಡ್‌ವಿಚ್ಚಿಗೆ ಮೂಗು ತಾಗಿಸಿ ವಾಸನೆ ಹೀರುತ್ತಿದ್ದಾಳೆ. ತಿನ್ನುವುದಿಲ್ಲ, ಅದು ಹರಾಮ್, ಧರ್ಮದಲ್ಲಿ ನಿಷಿದ್ಧ. ಮೂಸಿದರೆ ತಪ್ಪೇನು, ಅಲ್ವಾ? ಏಕಾದಶಿಯ ದಿನ ಪಕ್ಕದ ಮನೆಯ ಈರುಳ್ಳಿ ಬಜ್ಜಿಯ ವಾಸನೆಗೆ ಕಿಟಕಿ ಬಳಿ ನಿಂತವರಿಗೆ ಇದನ್ನು ವಿವರಿಸಬೇಕಿಲ್ಲ. ಪಕ್ಕದಲ್ಲಿ ಗೆಳತಿ ನಾಕಿಯಾ, ಟರ್ಕಿ ಮೂಲದವಳು, ತಲೆಗೆ ಸ್ಕಾರ್ಫ್ ಕಟ್ಟುತ್ತಾಳೆ. ಕೌಂಟರಿನ ಹಿಂದೆ ಗೆಳೆಯ ಬ್ರೂನೋ. ಅಷ್ಟರಲ್ಲಿ ಸಹಪಾಠಿ ಜೋಯಿ ಒಳಗೆ ಬರುತ್ತಾಳೆ. ಬಾಯಿತುಂಬ ಸಕ್ಕರೆ ಮಾತು, ಆದರೆ ಪ್ರತಿ ಮಾತೂ ಚುಚ್ಚುತ್ತದೆ. ಈ ಸ್ಕಾರ್ಫ್ ಮನೆಯವರ ಒತ್ತಾಯಕ್ಕಲ್ಲ ತಾನೇ, ಎಂದು ಕೇಳುತ್ತಾಳೆ. ನಾಕಿಯಾಳ ಉತ್ತರ ತಮಾಷೆಯಾಗಿದೆ: ಅವಳಪ್ಪನಿಗೆ ಅದು ಇಷ್ಟವೇ ಇಲ್ಲ, ನಾಲ್ಕು ದಿನದ ಹುಚ್ಚು ಎಂದುಕೊಂಡಿದ್ದಾನೆ.

ಮನೆಗೆ ಬಂದರೆ ಕಮಾಲಾ ಕಂಪ್ಯೂಟರ್ ಮುಂದೆ ಕೂತು ಮಾರ್ವೆಲ್ ಹೀರೋಗಳ ಅವೆಂಜರ್ಸ್ ತಂಡದ ಮೇಲೆ ತಾನೇ ಕತೆ ಕಟ್ಟುತ್ತಾಳೆ. ಅಭಿಮಾನಿಗಳು ತಮ್ಮ ನೆಚ್ಚಿನ ಪಾತ್ರಗಳನ್ನು ಇಟ್ಟುಕೊಂಡು ಬರೆಯುವ ಇಂಥ ಕತೆಗಳಿಗೆ ಫ್ಯಾನ್ ಫಿಕ್ಷನ್ ಎನ್ನುತ್ತಾರೆ. ಹುಡುಗರು ಬರುವ ಪಾರ್ಟಿಗೆ ಹೋಗಬೇಡ ಎಂದು ಅಪ್ಪ ತಡೆಯುತ್ತಾನೆ. ಅವಳು ಕದ್ದು ಹೋಗುತ್ತಾಳೆ. ಅಲ್ಲಿ ಕಿತ್ತಳೆ ರಸ ಎಂದು ಹೇಳಿ ವೋಡ್ಕಾ ಬೆರೆಸಿ ಕೊಡುತ್ತಾರೆ. ನಿನ್ನಿಂದ ಕರಿ ವಾಸನೆ ಬರುತ್ತಿದೆ ಎಂಬ ಮಾತನ್ನೂ ಕೇಳಬೇಕಾಗುತ್ತದೆ. ಸಿಟ್ಟಿನಲ್ಲಿ ಒಬ್ಬಳೇ ಮನೆಯತ್ತ ನಡೆಯುವಾಗ ಊರನ್ನೆಲ್ಲ ಒಂದು ಮಂಜು ಮುಸುಕುತ್ತದೆ.

ಆ ಮಂಜಿಗೆ ಟೆರಿಜನ್ ಎಂದು ಹೆಸರು. ಮಾರ್ವೆಲ್ ಲೋಕದಲ್ಲಿ ಇನ್‌ಹ್ಯೂಮನ್ಸ್ ಎಂಬ ಒಂದು ಕುಲ ಇದೆ. ಅವರ ರಕ್ತ ಕೆಲವು ಸಾಮಾನ್ಯ ಮನುಷ್ಯರಲ್ಲೂ ಗೊತ್ತಿಲ್ಲದಂತೆ ಹರಿಯುತ್ತಿರುತ್ತದೆ. ಬೇಸಿಗೆಯೆಲ್ಲ ಮಣ್ಣಿನೊಳಗೆ ಮಲಗಿದ್ದ ಬೀಜ ಮೊದಲ ಮಳೆಗೆ ಮೊಳೆಯುವಂತೆ, ಈ ಮಂಜು ಸೋಕಿದರೆ ಅವರ ಶಕ್ತಿ ಹೊರಬರುತ್ತದೆ. ಇಷ್ಟು ಗೊತ್ತಿದ್ದರೆ ಸಾಕು.

ಮಂಜಿನಲ್ಲಿ ಕಮಾಲಾಗೆ ಕ್ಯಾಪ್ಟನ್ ಮಾರ್ವೆಲ್ ಕಾಣಿಸುತ್ತಾಳೆ, ಅಕ್ಕಪಕ್ಕದಲ್ಲಿ ಐರನ್ ಮ್ಯಾನ್ ಮತ್ತು ಕ್ಯಾಪ್ಟನ್ ಅಮೆರಿಕ. ದೇವರ ಪಟದಲ್ಲಿ ನಿಂತಂತೆ ನಿಂತಿದ್ದಾರೆ. ಆಗ ಆ ಬಿಳಿಯ ನಾಯಕಿಯ ಬಾಯಿಂದ ಬರುವುದು ಅಮೀರ್ ಖುಸ್ರೋ ಪದ. ಕಾಡೆಲ್ಲ ಸಾಸಿವೆ ಹೂ ಅರಳಿದೆ ಎಂಬ, ಏಳು ನೂರು ವರ್ಷದಷ್ಟು ಹಳೆಯ, ಇವತ್ತಿಗೂ ಕವ್ವಾಲರು ಹಾಡುವ ವಸಂತದ ಹಾಡು. ಅಮೆರಿಕದ ಸೂಪರ್ ಹೀರೋ ಕಾಮಿಕ್ಸಿನಲ್ಲಿ ದಿಲ್ಲಿಯ ಖುಸ್ರೋ! ನಾನು ಆ ಪುಟವನ್ನು ಎರಡು ಸಲ ಓದಿದೆ. ಆದರೆ ಯೋಚಿಸಿದರೆ ಸರಿಯಾಗೇ ಇದೆ. ಕಾಣುತ್ತಿರುವುದು ಅವಳ ಮನಸ್ಸಿನೊಳಗಿನ ದೃಶ್ಯ, ಅಲ್ಲಿ ದೇವತೆಗಳು ಅವಳ ಮನೆಮಾತಿನಲ್ಲಿ ಮಾತಾಡದೆ ಇನ್ನೇನು?

ಏನಾಗಬೇಕು ನೀನು ಎಂದು ಕೇಳಿದರೆ, ನಿನ್ನಂತೆಯೇ ಆಗಬೇಕು ಎನ್ನುತ್ತಾಳೆ ಹುಡುಗಿ. ಸಂಚಿಕೆಯ ಕೊನೆಯಲ್ಲಿ ಅವಳು ಹೊರಬಂದಾಗ ಮೈ ಬೆಳ್ಳಗೆ, ಕೂದಲು ಹೊಂಬಣ್ಣ, ತೊಟ್ಟದ್ದು ಕ್ಯಾರಲ್‌ಳ ಹಳೆಯ ತುಂಡುಡುಗೆ. ಕೇಳಿದ್ದು ಸಿಕ್ಕಿದೆ. ಸಿಕ್ಕ ಕೂಡಲೇ ಮುಜುಗರ ಶುರು: ಉಡುಪು ಕಚ್ಚುತ್ತದೆ, ಕೂದಲು ಕಣ್ಣಿಗೆ ಬೀಳುತ್ತದೆ.

ಹಿಗ್ಗುವ, ಕುಗ್ಗುವ ಶಕ್ತಿಯೇ ಯಾಕೆ?

ಕಮಾಲಾ ಹಾರುವುದಿಲ್ಲ. ಕಣ್ಣಿನಿಂದ ಬೆಂಕಿ ಬರುವುದಿಲ್ಲ. ಮೈಯನ್ನು ಬೇಕಾದಂತೆ ಹಿಗ್ಗಿಸುತ್ತಾಳೆ, ಕುಗ್ಗಿಸುತ್ತಾಳೆ, ಬೇರೆಯವರ ರೂಪ ತಾಳುತ್ತಾಳೆ. ಕೈಯೊಂದನ್ನು ಲಾರಿಯಷ್ಟು ದೊಡ್ಡದು ಮಾಡಿ ಗುದ್ದುತ್ತಾಳೆ, ಇಲಿಯಷ್ಟಾಗಿ ಸಂದಿಯಲ್ಲಿ ತೂರುತ್ತಾಳೆ. ಚಿತ್ರದಲ್ಲಿ ನೋಡಲು ಇದು ಅಷ್ಟೇನೂ ಚಂದವಿಲ್ಲ. ಕೈಕಾಲು ಹಪ್ಪಳದ ಹಿಟ್ಟಿನಂತೆ ಎಲ್ಲೆಲ್ಲೋ ಎಳೆದುಕೊಂಡಿರುತ್ತವೆ, ಮುಖದ ಅಳತೆ ತಪ್ಪಿರುತ್ತದೆ. ಅಲ್ಫೋನಾ ಇದನ್ನು ಮುಚ್ಚಿಡಲು ಹೋಗುವುದಿಲ್ಲ. ಹೆಣ್ಣು ಪಾತ್ರ ಹೊಡೆದಾಡುವಾಗಲೂ ಬೆಡಗಿನಿಂದಲೇ ನಿಲ್ಲಬೇಕು ಎಂಬ ಹಳೆಯ ಕಾಮಿಕ್ಸ್ ರೂಢಿಯನ್ನು ಬೇಕೆಂದೇ ಬಿಟ್ಟುಕೊಟ್ಟಂತಿದೆ.

ಹದಿನಾರರ ಹುಡುಗಿಗೆ ಇದಕ್ಕಿಂತ ಹೊಂದುವ ಶಕ್ತಿ ಬೇರೆ ಇಲ್ಲ. ಆ ವಯಸ್ಸಿನಲ್ಲಿ ಮೈ ತನ್ನ ಪಾಡಿಗೆ ಬದಲಾಗುತ್ತಿರುತ್ತದೆ. ಒಂದು ಗಳಿಗೆ ಎಲ್ಲರ ಕಣ್ಣಿಗೆ ಬೀಳಬೇಕು, ಇನ್ನೊಂದು ಗಳಿಗೆ ನೆಲದೊಳಗೆ ಹೂತು ಹೋಗಬೇಕು. ಬೇರೆ ಯಾರೋ ಆಗಿಬಿಟ್ಟರೆ ಎಷ್ಟು ಚೆನ್ನ ಅನ್ನಿಸುತ್ತದೆ. ಇವಳಿಗೆ ಅದು ನಿಜವಾಗಿಯೂ ಸಾಧ್ಯ.

ಇಲ್ಲೊಂದು ಜಾಣ ನಿಯಮ ಇಟ್ಟಿದ್ದಾರೆ. ಎರಡನೇ ಸಂಚಿಕೆಯಲ್ಲಿ, ಅವಳನ್ನು ಗೇಲಿ ಮಾಡಿದ ಅದೇ ಜೋಯಿ ನೀರಿಗೆ ಬೀಳುತ್ತಾಳೆ. ಒಂದು ಜೀವ ಉಳಿಸಿದವನು ಇಡೀ ಮನುಕುಲವನ್ನೇ ಉಳಿಸಿದಂತೆ ಎಂಬ ಕುರಾನಿನ ಮಾತು ಕಮಾಲಾಗೆ ನೆನಪಾಗುತ್ತದೆ, ಅಪ್ಪ ಹೇಳುತ್ತಿದ್ದದ್ದು. ಕೈ ದೊಡ್ಡದು ಮಾಡಿ ಜೋಯಿಯನ್ನು ಮೇಲೆತ್ತುತ್ತಾಳೆ. ಆ ಹೊತ್ತಿಗೂ ಅವಳದು ಬಿಳಿಯ ನಾಯಕಿಯ ರೂಪವೇ, ಹೀರೋ ಅಂದರೆ ಹಾಗೇ ಇರಬೇಕು ಎಂಬ ನಂಬಿಕೆ. ಮುಂದೆ ಬ್ರೂನೋನ ಅಂಗಡಿಯಲ್ಲಿ ಅದೇ ವೇಷದಲ್ಲಿದ್ದಾಗ ಗುಂಡೇಟು ಬೀಳುತ್ತದೆ. ತನ್ನ ಸ್ವಂತ ರೂಪಕ್ಕೆ ಮರಳಿದ ಕೂಡಲೇ ಗಾಯ ಮಾಯುತ್ತದೆ. ಅವಳ ಮೈಗೆ ವಾಸಿಯಾಗುವ ಶಕ್ತಿ ಇದೆ, ಆದರೆ ಅವಳು ಅವಳೇ ಆಗಿದ್ದಾಗ ಮಾತ್ರ. ಯಾರೂ ಭಾಷಣ ಬಿಗಿಯುವುದಿಲ್ಲ, ಬರೀ ಕತೆಯ ಒಂದು ನಿಯಮ ಅಷ್ಟೇ. ನನಗೆ ಇಡೀ ಕಾಮಿಕ್ಸಿನಲ್ಲಿ ಜಾಸ್ತಿ ಹಿಡಿಸಿದ್ದು ಇದು.

ಉಡುಪಿನ ಪ್ರಶ್ನೆ

ಬಿಳಿಯ ವೇಷ ಬಿಟ್ಟ ಮೇಲೆ ಹಾಕಿಕೊಳ್ಳಲು ಏನಿದೆ? ಬೀರುವಿನಲ್ಲಿ ಒಂದು ಬುರ್ಕಿನಿ ಇತ್ತು. ಬುರ್ಕಿನಿ ಅಂದರೆ ಮೈ, ತಲೆ ಮುಚ್ಚುವ ಈಜುಡುಗೆ. ಆಸ್ಟ್ರೇಲಿಯದ ಅಹೆದಾ ಜನೆಟ್ಟಿ ಎಂಬ ಲೆಬನಾನ್ ಮೂಲದ ಮಹಿಳೆ 2004ರಲ್ಲಿ ರೂಪಿಸಿದ್ದು. ಅದನ್ನೇ ತಿದ್ದಿ, ಮಿಂಚು ಬಳಿದು, ದುಪಟ್ಟಾದಂಥ ಕೆಂಪು ವಸ್ತ್ರ ಸುತ್ತಿ ಅವಳ ಉಡುಪು ತಯಾರಾಯಿತು. ಓಡಲು ಹಗುರ, ಅಮ್ಮ ಕಂಡರೂ ತೀರಾ ಗಾಬರಿಯಾಗುವಂಥದ್ದಲ್ಲ. ಕಮಾಲಾ ತಲೆ ಮುಚ್ಚುವುದಿಲ್ಲ, ನಾಕಿಯಾ ಮುಚ್ಚುತ್ತಾಳೆ. ಇಬ್ಬರೂ ಪ್ರಾಣಸ್ನೇಹಿತೆಯರು. ಯಾರು ಸರಿ ಎಂದು ಕಾಮಿಕ್ಸ್ ತೀರ್ಪು ಕೊಡುವುದಿಲ್ಲ.

ಮನೆಯೊಳಗೆ, ಮಸೀದಿಯೊಳಗೆ

ಸೂಪರ್ ಹೀರೋಗಳು ಸಾಮಾನ್ಯವಾಗಿ ಅನಾಥರು, ಗಮನಿಸಿದ್ದೀರಾ? ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್, ಸ್ಪೈಡರ್‌ಮ್ಯಾನ್, ಮೂವರಿಗೂ ಹೆತ್ತವರಿಲ್ಲ. ರಾತ್ರಿ ತಡವಾದರೆ ಎಲ್ಲಿಗೆ ಹೋಗಿದ್ದೆ ಎಂದು ಬಾಗಿಲಲ್ಲಿ ನಿಂತು ಕೇಳುವ ಅಪ್ಪ ಅಮ್ಮ ಇಲ್ಲದಿದ್ದರೆ ಕತೆಗಾರನಿಗೆ ಕೆಲಸ ಹಗುರ. ಕಮಾಲಾಗೆ ಅಪ್ಪ ಅಮ್ಮ ಅಣ್ಣ ಎಲ್ಲ ಇದ್ದಾರೆ. ಎಲ್ಲರೂ ಕೇಳುವವರೇ. ಅಪ್ಪ ಯೂಸುಫ್ ಬ್ಯಾಂಕಿನ ಕೆಲಸದವನು. ಅಮ್ಮ ಮುನೀಬಾ ಖಡಕ್ಕು. ಅಣ್ಣ ಆಮಿರ್ ಮಹಾ ದೈವಭಕ್ತ, ಸದಾ ಪ್ರಾರ್ಥನೆ, ಇನ್ನೂ ಕೆಲಸ ಸಿಕ್ಕಿಲ್ಲ. ಕೆಲಸ ಹುಡುಕುವುದು ತಪ್ಪಲಿ ಅಂತ ಪ್ರಾರ್ಥನೆ ಮಾಡುತ್ತೀಯಾ ಎಂದು ಅಪ್ಪನೇ ಛೇಡಿಸುತ್ತಾನೆ.

ಮಗಳು ಪದೇ ಪದೇ ಮನೆಯಿಂದ ಮಾಯವಾಗತೊಡಗಿದಾಗ ಹೆತ್ತವರು ಅವಳನ್ನು ಮಸೀದಿಯ ಶೇಖ್ ಅಬ್ದುಲ್ಲಾ ಬಳಿ ಬುದ್ಧಿ ಹೇಳಿಸಲು ಕಳಿಸುತ್ತಾರೆ. ಈ ಶೇಖ್ ಜೊತೆ ಅವಳಿಗೆ ಹಳೆಯ ತಕರಾರಿದೆ, ಪಾಠದ ವೇಳೆ ಹುಡುಗಿಯರನ್ನು ಅಡ್ಡತೆರೆಯ ಹಿಂದೆ ಕೂರಿಸುವುದು ಯಾಕೆ ಅಂತ. ಸರಿಯಾಗಿ ಬೈಸಿಕೊಳ್ಳುವೆ ಎಂದುಕೊಂಡೇ ಹೋಗುತ್ತಾಳೆ. ಓದುವ ನಾವೂ ಹಾಗೇ ಎಂದುಕೊಂಡಿರುತ್ತೇವೆ. ಆದರೆ ಆತ ಹೇಳುವುದು ಬೇರೆ. ನೀನು ಮಾಡುತ್ತಿರುವುದನ್ನು ಬಿಡಲಾರೆಯಾದರೆ ಧೈರ್ಯದಿಂದ, ಪ್ರಾಮಾಣಿಕವಾಗಿ, ಕರುಣೆಯಿಂದ, ಆತ್ಮಗೌರವ ಇಟ್ಟುಕೊಂಡು ಮಾಡು, ಕಲಿಸುವ ಗುರು ಒಬ್ಬರನ್ನು ಹುಡುಕಿಕೋ. ಅದೇ ಸಂಚಿಕೆಯಲ್ಲಿ ಚರಂಡಿಯೊಳಗೆ ಅವಳಿಗೆ ಗುರು ಸಿಗುತ್ತಾನೆ, ಮಾರ್ವೆಲ್‌ನ ಹೆಸರುವಾಸಿ ಹಿರಿಯ ಹೀರೋ, ಸಾಕ್ಷಾತ್ ವೂಲ್ವರೀನ್.

ಈ ತನಕ ಕತೆ ಕೇಳಿದ ಅಮ್ಮ ಅಂದರು, "ಮುಖವಾಡ ಹಾಕ್ಕೊಂಡ್ರೆ ಹೆತ್ತವಳಿಗೆ ಗೊತ್ತಾಗಲ್ವಾ? ಅವಳಮ್ಮನಿಗೆ ಯಾವಾಗ್ಲೋ ಗೊತ್ತಾಗಿರತ್ತೆ ಬಿಡು." ಮೊದಲ ಸರಣಿ ಮುಗಿಯುವ ಹೊತ್ತಿಗೆ ಕಮಾಲಾ ಅಮ್ಮನೆದುರು ಗುಟ್ಟು ಬಿಚ್ಚಿಡಲು ಹೋದಾಗ ಮುನೀಬಾ ಹೇಳುವುದೂ ಅದೇ: ನನಗೆ ಮೊದಲೇ ಗೊತ್ತಿತ್ತು.

ಊರಿನ ಬಗ್ಗೆಯೂ ಒಂದು ಮಾತು. ಮಾರ್ವೆಲ್‌ನ ದೊಡ್ಡ ಹೀರೋಗಳಲ್ಲಿ ಹಲವರು ನ್ಯೂಯಾರ್ಕಿನ ಮ್ಯಾನ್‌ಹಟನ್‌ನಲ್ಲಿ. ಜೆರ್ಸಿ ಸಿಟಿ ಹಡ್ಸನ್ ನದಿಯ ಈಚೆ ದಡ. ಅಲ್ಲಿಂದ ಆ ಎತ್ತರದ ಕಟ್ಟಡಗಳೆಲ್ಲ ಕಾಣುತ್ತವೆ, ಆದರೆ ಅದು ನಿಮ್ಮ ಊರಲ್ಲ. ಭಾರತ, ಪಾಕಿಸ್ತಾನ, ಈಜಿಪ್ಟ್, ಫಿಲಿಪ್ಪೀನ್ಸ್ ಎಂದು ಎಲ್ಲೆಲ್ಲಿಂದಲೋ ಬಂದವರು ನೆಲೆಸಿರುವ ಊರು. ಇಲ್ಲಿನ ನ್ಯೂಅರ್ಕ್ ಅವೆನ್ಯೂದಲ್ಲಿ ದೋಸೆ, ಮಿಠಾಯಿ, ಸೀರೆ ಅಂಗಡಿಗಳ ಸಾಲೇ ಇದೆ. ನ್ಯೂಜೆರ್ಸಿಯಲ್ಲಿ ನೆಂಟರಿರುವ ಕನ್ನಡಿಗರಿಗೆ ಪರಿಚಿತ ಬೀದಿ.

ಮೊದಲ ಖಳನಾಯಕನೂ ಈ ನೆಲದವನೇ. ಥಾಮಸ್ ಎಡಿಸನ್ ತನ್ನ ಪ್ರಯೋಗಾಲಯ ನಡೆಸಿದ್ದು ನ್ಯೂಜೆರ್ಸಿಯಲ್ಲಿ. ಕಾಮಿಕ್ಸಿನ ಖಳ ಆ ಎಡಿಸನ್‌ನ ತದ್ರೂಪು, ತಯಾರಿಸುವಾಗ ಸಾಕಿದ ಗಿಳಿಯ ಅಂಶ ಬೆರೆತು ತಲೆ ಹಕ್ಕಿಯದಾಗಿಬಿಟ್ಟಿದೆ! ಇವನು ಹದಿಹರೆಯದವರ ಮೈಯ ಶಕ್ತಿಯನ್ನು ಬ್ಯಾಟರಿಯಂತೆ ಬಳಸುತ್ತಾನೆ. ವಿಚಿತ್ರ ಏನೆಂದರೆ ಮಕ್ಕಳೇ ಒಪ್ಪಿ ಬಂದಿರುತ್ತಾರೆ. ನಿಮ್ಮ ಪೀಳಿಗೆ ಭೂಮಿಗೆ ಭಾರ, ಹೀಗಾದರೂ ಉಪಯೋಗಕ್ಕೆ ಬನ್ನಿ ಎಂದು ಹೇಳಿ ನಂಬಿಸಿದ್ದಾನೆ. ಈಗಿನ ಮಕ್ಕಳು ಮೊಬೈಲ್ ಬಿಟ್ಟು ಏನೂ ಅರಿಯರು ಎನ್ನುವ ದೊಡ್ಡವರ ರಾಗ ನೆನಪಾಗುತ್ತದೆ. ನಾನೂ ಆ ರಾಗ ಹಾಡಿದವನೇ.

ಮುಸ್ಲಿಂ ಸೂಪರ್ ಹೀರೋಗಳಲ್ಲಿ ಇವಳೇ ಮೊದಲಿಗಳಾ?

ಅಲ್ಲ. 2002ರಲ್ಲೇ ಮಾರ್ವೆಲ್‌ನ ಎಕ್ಸ್-ಮೆನ್ ಕತೆಗಳಲ್ಲಿ ಡಸ್ಟ್ ಎಂಬ ಅಫ್ಘಾನ್ ಹುಡುಗಿ ಬಂದಿದ್ದಳು, ಮರಳಾಗಿ ಬದಲಾಗುವವಳು, ಬುರ್ಖಾ ತೊಡುವವಳು. ಕುವೈತಿನ ನಾಯಿಫ್ ಅಲ್-ಮುತವಾ 2006ರಲ್ಲಿ ಒಂದು ಇಡೀ ಸೂಪರ್ ಹೀರೋ ತಂಡವನ್ನೇ ಕಟ್ಟಿದ್ದರು. 2013ರಲ್ಲಿ ಪಾಕಿಸ್ತಾನದ ಟಿವಿಯಲ್ಲಿ ಬುರ್ಖಾ ತೊಟ್ಟು, ಪುಸ್ತಕ ಮತ್ತು ಪೆನ್ನು ಎಸೆದು ಹೋರಾಡುವ ಶಾಲಾ ಶಿಕ್ಷಕಿಯ ಕಾರ್ಟೂನ್ ಬಂತು.

ಹಾಗಾದರೆ ಹೊಸದೇನು? ತಂಡದಲ್ಲಿ ಒಬ್ಬಳಾಗುವುದು ಬೇರೆ, ನಿನ್ನದೇ ಹೆಸರಿನ ಕಾಮಿಕ್ಸ್ ತಿಂಗಳು ತಿಂಗಳು ಬರುವುದು ಬೇರೆ. ಮಾರ್ವೆಲ್‌ನಲ್ಲಿ ಆ ಜಾಗ ಪಡೆದ ಮೊದಲ ಮುಸ್ಲಿಂ ಪಾತ್ರ ಕಮಾಲಾ. ಡಸ್ಟ್ ಬಂದಾಗ ಅವಳ ಸುತ್ತ ಯುದ್ಧ, ತಾಲಿಬಾನ್ ಇದ್ದವು. ಕಮಾಲಾಳ ಸುತ್ತ ಇರುವುದು ಹೋಂವರ್ಕ್.

ಮಾರಾಟದ ಲೆಕ್ಕ ಯಾಕೆ ಗೊಂದಲ?

ಈ ಕಾಮಿಕ್ಸ್ ಗೆದ್ದಿತೇ ಸೋತಿತೇ ಎಂಬ ಜಗಳ ಅಂತರ್ಜಾಲದಲ್ಲಿ ಇನ್ನೂ ಮುಗಿದಿಲ್ಲ. ಕಾರಣ ಮಾರುವ ಪದ್ಧತಿ. ಅಮೆರಿಕದ ಕಾಮಿಕ್ಸ್ ಅಂಗಡಿಯವನು ತಿಂಗಳುಗಳ ಮೊದಲೇ ಎಷ್ಟು ಪ್ರತಿ ಬೇಕು ಎಂದು ಹೇಳಬೇಕು. ಉಳಿದರೆ ಸಾಮಾನ್ಯವಾಗಿ ವಾಪಸ್ ಇಲ್ಲ. ಹಾಗಾಗಿ ಅವನು ಹಳೆಯ ಗಿರಾಕಿಗಳನ್ನು ನೆಚ್ಚಿ, ಹಳೆಯ ಹೆಸರುಗಳನ್ನೇ ಜಾಸ್ತಿ ತರಿಸುತ್ತಾನೆ. ಎಲ್ಲರೂ ಎತ್ತಿ ತೋರಿಸುವ ಅಂಕಿ ಈ ಮುಂಗಡ ಆರ್ಡರಿನದ್ದು. ಆ ಅಂಗಡಿಯ ಮೆಟ್ಟಿಲೇ ಹತ್ತದ ಹುಡುಗಿಯೊಬ್ಬಳು ಮೊಬೈಲಿನಲ್ಲಿ ಕೊಂಡದ್ದು, ಪುಸ್ತಕದಂಗಡಿಯಲ್ಲಿ ಕೊಂಡ ಸಂಪುಟ, ಶಾಲೆಯ ಲೈಬ್ರರಿಗೆ ಹೋದ ಪ್ರತಿ, ಇವು ಅದರಲ್ಲಿ ಸೇರುವುದಿಲ್ಲ. ಕಮಾಲಾಳ ಓದುಗರು ಹೆಚ್ಚಾಗಿ ಇದ್ದದ್ದು ಅಲ್ಲೇ. ಹಾಲಿನ ಡೇರಿಯ ಪುಸ್ತಕ ಮಾತ್ರ ನೋಡಿ ಊರಲ್ಲಿ ಎಷ್ಟು ಹಾಲಾಯಿತು ಎಂದು ಹೇಳಿದಂತೆ, ಮನೆಯಲ್ಲಿ ಕುಡಿದದ್ದು, ನೆರೆಮನೆಗೆ ಕೊಟ್ಟದ್ದು ಲೆಕ್ಕಕ್ಕೇ ಬರುವುದಿಲ್ಲ.

ಲೆಕ್ಕದ ಜಗಳ ಬಿಟ್ಟರೂ ಕೆಲವು ಸಂಗತಿಗಳು ಸ್ಪಷ್ಟವಾಗಿವೆ. ಮೊದಲ ಸಂಚಿಕೆ ಮತ್ತೆ ಮತ್ತೆ ಮುದ್ರಣ ಕಂಡಿತು. ಮೊದಲ ಸಂಪುಟಕ್ಕೆ 2015ರಲ್ಲಿ ಹ್ಯೂಗೋ ಪ್ರಶಸ್ತಿ ಬಂತು, ವಿಜ್ಞಾನ ಕತೆ ಮತ್ತು ಫ್ಯಾಂಟಸಿಗೆ ಕೊಡುವ ದೊಡ್ಡ ಪ್ರಶಸ್ತಿ ಇದು. 2016ರಲ್ಲಿ ಫ್ರಾನ್ಸಿನ ಅಂಗುಲೇಮ್ ಕಾಮಿಕ್ಸ್ ಉತ್ಸವದಲ್ಲೂ ಬಹುಮಾನ ಸಿಕ್ಕಿತು. ಅದೇ ವರ್ಷ ಶ್ವೇತಭವನದ ಕಾರ್ಯಕ್ರಮವೊಂದರಲ್ಲಿ ಅಧ್ಯಕ್ಷ ಒಬಾಮಾ ಅವರನ್ನು ವೇದಿಕೆಗೆ ಪರಿಚಯಿಸಿದ್ದು ಸನಾ ಅಮಾನತ್.

ಇವೆಲ್ಲಕ್ಕಿಂತ ನನಗೆ ಸ್ವಾರಸ್ಯ ಅನ್ನಿಸುವುದು 2015ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆದದ್ದು. ಮುಸ್ಲಿಮರನ್ನು ನಾಜಿಗಳ ಜೊತೆ ಇಟ್ಟು ತೋರಿಸುವ ಜಾಹೀರಾತುಗಳು ಅಲ್ಲಿನ ಸಿಟಿ ಬಸ್ಸುಗಳ ಮೇಲೆ ಬಂದವು. ಒಂದು ಬೆಳಿಗ್ಗೆ ನೋಡಿದರೆ ಅವುಗಳ ಮೇಲೆ ಯಾರೋ ಕಮಾಲಾಳ ಚಿತ್ರ ಅಂಟಿಸಿ ಹೋಗಿದ್ದರು. ಪುಟದೊಳಗಿನ ಹುಡುಗಿ ಬೀದಿಗೆ ಬಂದಾಗ ಅವಳಿಗೆ ಒಂದು ವರ್ಷವೂ ತುಂಬಿರಲಿಲ್ಲ.

ಪರದೆಯ ಮೇಲೆ: ಬಳೆ ಮತ್ತು 1947

2022ರ ಜೂನ್‌ನಲ್ಲಿ ಡಿಸ್ನಿ ಪ್ಲಸ್ ಓಟಿಟಿಯಲ್ಲಿ ಆರು ಕಂತುಗಳ ಸರಣಿ ಬಂತು. ಕಮಾಲಾ ಆದವಳು ಇಮಾನ್ ವೆಲ್ಲಾನಿ, ಕರಾಚಿಯಲ್ಲಿ ಹುಟ್ಟಿ ಕೆನಡಾದಲ್ಲಿ ಬೆಳೆದವಳು. ಅಪ್ಪನಾಗಿ ಮೋಹನ್ ಕಪೂರ್, ಅಮ್ಮನಾಗಿ ಜೆನೋಬಿಯಾ ಶ್ರಾಫ್. ಫರ್ಹಾನ್ ಅಖ್ತರ್, ಫವಾದ್ ಖಾನ್ ಕೂಡ ಬಂದು ಹೋಗುತ್ತಾರೆ. ಪಾಕಿಸ್ತಾನದಲ್ಲಿ ಆಗ ಆ ಓಟಿಟಿ ಇರಲಿಲ್ಲ, ಅಲ್ಲಿ ಸರಣಿಯನ್ನು ಚಿತ್ರಮಂದಿರಗಳಲ್ಲಿ ತೋರಿಸಿದರು.

ಕಾಮಿಕ್ಸ್ ಓದಿದವರಿಗೆ ಒಂದು ಬದಲಾವಣೆ ಕಣ್ಣಿಗೆ ಹೊಡೆಯಿತು. ಇಲ್ಲಿ ಮಂಜು ಇಲ್ಲ, ಮುತ್ತಜ್ಜಿಯ ಬಳೆ ಇದೆ. ಅದನ್ನು ತೊಟ್ಟರೆ ಗಟ್ಟಿಯಾದ ಬೆಳಕು ಹೊಮ್ಮುತ್ತದೆ, ಆ ಬೆಳಕಿನ ಮೇಲೆ ಮೆಟ್ಟಿಲಂತೆ ಕಾಲಿಡಬಹುದು. ಮೈ ಹಿಗ್ಗುವ ಶಕ್ತಿ ಕೈಬಿಟ್ಟಿದ್ದಕ್ಕೆ ಅಭಿಮಾನಿಗಳು ಗೊಣಗಿದರು. ನನಗೂ ಸ್ವಲ್ಪ ನಷ್ಟವೇ ಅನ್ನಿಸಿತು.

ಬಳೆಯಿಂದ ಬಂದ ಲಾಭವೂ ಇದೆ. ಅದು ಕತೆಯನ್ನು ಕರಾಚಿಗೆ, ಅಲ್ಲಿಂದ 1947ಕ್ಕೆ ಕರೆದೊಯ್ಯುತ್ತದೆ. ದೇಶ ಒಡೆದಾಗ ಕೊನೆಯ ರೈಲಿಗಾಗಿ ಸ್ಟೇಷನ್ನಿನಲ್ಲಿ ನೂಕಾಡುವ ಜನ, ಆ ಗದ್ದಲದಲ್ಲಿ ಕಳೆದುಹೋಗುವ ಪುಟ್ಟ ಹುಡುಗಿ. ಅವಳೇ ಮುಂದೆ ಕಮಾಲಾಳ ಅಜ್ಜಿ. ಕಾಮಿಕ್ಸ್ ಕೂಡ 2016ರ ಒಂದು ಸಂಚಿಕೆಯಲ್ಲಿ ಇದನ್ನು ಮುಟ್ಟಿತ್ತು. ಅಲ್ಲಿ ಅವಳ ಹಿರಿಯರು 1947ರಲ್ಲಿ ಬೊಂಬಾಯಿ ಬಿಟ್ಟು ಕರಾಚಿಗೆ ಹೊರಡುತ್ತಾರೆ. ಅಂದರೆ ಈ ಪಾಕಿಸ್ತಾನಿ ಅಮೆರಿಕನ್ ಹುಡುಗಿಯ ಬೇರು ನಮ್ಮ ಪಕ್ಕದ ರಾಜ್ಯದಲ್ಲಿದೆ.

2023ರ ನವೆಂಬರಿನಲ್ಲಿ ಅವಳು ಕ್ಯಾಪ್ಟನ್ ಮಾರ್ವೆಲ್ ಜೊತೆ ಸಿನಿಮಾಕ್ಕೂ ಬಂದಳು. ಚಿತ್ರ ಗಲ್ಲಾಪೆಟ್ಟಿಗೆಯಲ್ಲಿ ಬಿತ್ತು.

ಸತ್ತು ಬದುಕಿದ್ದು

ಅದೇ 2023ರ ಮೇ ತಿಂಗಳಲ್ಲಿ ಕಾಮಿಕ್ಸಿನ ಕಮಾಲಾ ಸತ್ತಳು. ಅದೂ ತನ್ನ ಕತೆಯಲ್ಲಲ್ಲ, ಸ್ಪೈಡರ್‌ಮ್ಯಾನ್ ಕತೆಯಲ್ಲಿ. ಓದುಗರು ರೇಗಿದರು. ಎರಡು ತಿಂಗಳಲ್ಲಿ ಬದುಕಿ ಬಂದಳು, ಈ ಬಾರಿ ಮ್ಯೂಟೆಂಟ್ ಎಂಬ ಹೊಸ ಗುರುತಿನೊಂದಿಗೆ. ಮ್ಯೂಟೆಂಟ್ ಅಂದರೆ ಹುಟ್ಟಿನಿಂದಲೇ ವಿಶೇಷ ಶಕ್ತಿಯ ಅಂಶ ಇರುವವರು, ಎಕ್ಸ್-ಮೆನ್ ಬಳಗದವರು. ಟಿವಿ ಸರಣಿಯ ಕೊನೆಯಲ್ಲಿ ಅವಳನ್ನು ಮ್ಯೂಟೆಂಟ್ ಎಂದು ಸೂಚಿಸಿದ್ದರು, ಕಾಮಿಕ್ಸನ್ನೂ ಅದಕ್ಕೆ ಹೊಂದಿಸಿದಂತಾಯಿತು. ಈ ಲೋಕದಲ್ಲಿ ಸಾವು ಧಾರಾವಾಹಿಯ ಆಕ್ಸಿಡೆಂಟ್ ಇದ್ದಂತೆ, ಬ್ಯಾಂಡೇಜು ಬಿಚ್ಚುವವರೆಗೆ ಕಾಯಬೇಕು ಅಷ್ಟೇ. ಆಮೇಲೆ ಬಂದ ಹೊಸ ಕಾಮಿಕ್ಸಿನ ಇಬ್ಬರು ಬರಹಗಾರರಲ್ಲಿ ಒಬ್ಬಳು ಇಮಾನ್ ವೆಲ್ಲಾನಿ. ತಾನು ನಟಿಸಿದ ಪಾತ್ರಕ್ಕೆ ತಾನೇ ಮಾತು ಬರೆದಳು.

ಓದುವುದಾದರೆ

'ನೋ ನಾರ್ಮಲ್' ಎಂಬ ಮೊದಲ ಸಂಪುಟದಿಂದ ಶುರುಮಾಡಿ. ಮೊದಲ ಐದು ಸಂಚಿಕೆ ಅದರಲ್ಲಿದೆ, ಹಿಂದಿನ ಯಾವ ಕತೆಯೂ ಗೊತ್ತಿರಬೇಕಿಲ್ಲ. ಅವಸರದಲ್ಲಿ ಮಾತಿನ ಗುಳ್ಳೆ ಮಾತ್ರ ಓದಿ ಪುಟ ತಿರುಗಿಸಬೇಡಿ. ಅಲ್ಫೋನಾ ಮೂಲೆಮೂಲೆಯಲ್ಲಿ ಕೀಟಲೆ ಬಚ್ಚಿಟ್ಟಿದ್ದಾರೆ. ತಿಂಡಿ ಮೇಜಿನ ಮೇಲಿನ ಸೀರಿಯಲ್ ಡಬ್ಬದ ಮೇಲೆ ಕುಲಾಂತರಿ ಧಾನ್ಯದ ಕುರಿತು ಒಂದು ಜೋಕು ಇದೆ, ನನಗೆ ಕಂಡದ್ದು ಮೂರನೇ ಓದಿನಲ್ಲಿ.

ಅಮ್ಮ ಮೊದಲ ಸಂಚಿಕೆ ಮುಗಿಸಿದ್ದಾರೆ. ಇಂಗ್ಲಿಷ್ ಅಷ್ಟು ಓಡುವುದಿಲ್ಲ, ಮೊಮ್ಮಗಳು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳುತ್ತ ಹೋಗುತ್ತಾಳೆ. ಹುಡುಗಿ ರಾತ್ರಿ ಕದ್ದು ಪಾರ್ಟಿಗೆ ಹೋಗುವ ಪುಟ ಬಂದಾಗ ಅಮ್ಮ "ಒಂದ್ನಿಮಿಷ ಇರು" ಎಂದು ಎದ್ದರು. ಹೋಗಿ ಹಿಂಬಾಗಿಲ ಚಿಲಕ ಹಾಕಿದೆಯಾ ನೋಡಿ ಬಂದು, ಮತ್ತೆ ಕೂತರು.